ತಾರವ್ವನ ನೀಲಿ

ಚರ್ಮದ ಡಾಕ್ಟರು ಅಂದರೆ ನಮ್ಮ ಕಡೆ ಅರ್ಧ ಡಾಕ್ಟರು. ಎದೆ ನೋಡುವವರು, ಮಿದುಳು ನೋಡುವವರು ಪೂರ್ತಿ ಡಾಕ್ಟರು. ನಾವು ತುರಿಕೆಗೆ ಮುಲಾಮು ಬರೆದುಕೊಡುವವರು. ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟರು ಊಟದ ಎಲೆಯ ಮುಂದೆಯೇ ತೋಳು ಮೇಲೇರಿಸಿ, "ಇದೇನ್ ನೋಡ್ರಿ ಒಂದೀಟು" ಎಂದು ಕಜ್ಜಿ ತೋರಿಸುತ್ತಾರೆ. ಈ ಅರ್ಧ ಮರ್ಯಾದೆಯಲ್ಲೇ ತಲೆ ನೆರೆತವಳು ನಾನು, ಶೈಲಜಾ ಯಡಹಳ್ಳಿ. ಚರ್ಮವೆಂದರೆ ದೇಹದ ಹೊದಿಕೆ, ಒಳಗಿರುವ ದೊಡ್ಡವರ ಮನೆಗೆ ಹಾಕಿದ ಬಾಗಿಲು ಎಂದು ನಾನೇ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದೆ. ತಾರವ್ವನ ಕೈಯನ್ನು ಯಂತ್ರದ ಕೆಳಗಿಟ್ಟು ನೋಡಿದ ದಿನದಿಂದ ಆ ಪಾಠ ನಿಲ್ಲಿಸಿದ್ದೇನೆ.

ಮೊದಲು ತಾಳಗುಳಿಗೆಯ ವಿಷಯ ಹೇಳಬೇಕು. ಅದರ ನಿಜವಾದ ಹೆಸರು ನಾಲಿಗೆ ಹೊರಳದಷ್ಟು ಉದ್ದ. ಎದೆಬಡಿತದ ತಾಳ ತಪ್ಪುವವರಿಗೆ ಕೊಡುವ ಗುಳಿಗೆಯಾದ್ದರಿಂದ ಜನ ಹಾಗೆ ಕರೆದರು, ನಾವೂ ಹಾಗೇ ಬರೆಯತೊಡಗಿದೆವು. ಹಿಂದೆ ಎದೆಯೊಳಗೆ ಯಂತ್ರ ಕೂರಿಸಿಕೊಳ್ಳಬೇಕಾಗಿದ್ದವರು ಈಗ ದಿನಕ್ಕೊಂದು ಗುಳಿಗೆ ನುಂಗಿ ಹೊಲ, ಮಗ್ಗ ಎಂದು ಓಡಾಡಿಕೊಂಡಿದ್ದರು. ಅದನ್ನು ಕಂಡುಹಿಡಿದವರು, ಪರೀಕ್ಷೆ ಮಾಡಿದವರು ಎಲ್ಲರೂ ಚಳಿದೇಶದವರು. ವರ್ಷದಲ್ಲಿ ಅರ್ಧಕಾಲ ಕೋಟು ಹಾಕಿಕೊಂಡು ತಿರುಗುವ ಜನರ ಮೇಲೆ ಪರೀಕ್ಷಿಸಿದ ಔಷಧಿ ನಮ್ಮ ಬಿಸಿಲಲ್ಲಿ ಏನು ಮಾಡೀತು ಎಂದು ಯಾರೂ ಕೇಳಿರಲಿಲ್ಲ.

ತಾರವ್ವ ಮೊದಲ ಸಲ ಬಾಗಲಕೋಟೆಯ ನಮ್ಮ ಸಂಶೋಧನಾ ಕೇಂದ್ರಕ್ಕೆ ಬಂದಾಗ ಆಕೆಯ ಮುಖ, ಕೈ ಎರಡೂ ಶಾಲೆಯ ಕಲ್ಲುಪಾಟಿಯ ಬೂದುನೀಲಿಗೆ ತಿರುಗಿದ್ದವು. ಇಳಕಲ್ಲಿನವಳು, ನಲವತ್ತೈದರ ಆಸುಪಾಸು. ಮನೆಯಲ್ಲಿ ಸೀರೆ ನೂಲಿಗೆ ಬಣ್ಣ ಹಾಕುವ ಕೆಲಸ. ಜೊತೆಯಲ್ಲಿ ಅತ್ತೆ ಅಂಬವ್ವ ಬಂದಿದ್ದಳು. ಸೊಸೆಯ ಬಾಯಿಗೆ ಬಂದ ಮಾತನ್ನು ತಾನೇ ಎತ್ತಿಕೊಂಡು ಆಡಿಬಿಡುವ ಮುದುಕಿ.

"ಬಣ್ಣದ ಮನೀರಿ ನಮ್ದು," ಅಂದಳು ಅಂಬವ್ವ. "ನೀಲಿ ಹಂಡೇದಾಗಿನ ಹಬಿ ಇಕಿ ಮಾರಿಗೆ ಹೊಡದೈತಿ. ಹೋಗವಲ್ದು."

ಬಣ್ಣ ಹಾಕುವವರ ಮನೆಯಲ್ಲಿ ಮೈಗೆ ಹತ್ತಿದ್ದೆಲ್ಲ ಬಣ್ಣವೇ. ಬೇರೆ ಯಾರಿಗಾದರೂ ಮುಖ ನೀಲಿಯಾಗಿದ್ದರೆ ಎದ್ದೆವೋ ಬಿದ್ದೆವೋ ಎಂದು ಆಸ್ಪತ್ರೆಗೆ ಓಡುತ್ತಿದ್ದರು. ಇವರು ನೂಲಿನ ಬಣ್ಣ ತೆಗೆಯುವ ಹೈಡ್ರೋ ಪುಡಿಯನ್ನು ನೀರಿಗೆ ಹಾಕಿ ತೊಳೆದರು. ಕೆಲಸ ಮುಗಿದ ಮೇಲೆ ಅವರೆಲ್ಲ ಕೈ ತೊಳೆಯುವುದೇ ಹಾಗೆ. ಹೋಗಲಿಲ್ಲ. ಪುಡಿ ಜಾಸ್ತಿ ಮಾಡಿ ಅಂಬವ್ವ ಸ್ವಂತ ಕೈಯಿಂದ ಸೊಸೆಯ ಕೆನ್ನೆ ಉಜ್ಜಿದಳು. ಕೆನ್ನೆ ಸುಲಿದು ಗಾಯವಾಯಿತು, ಮಾಯ್ದ ಮೇಲೆ ಮತ್ತೆ ನೀಲಿಯೇ ಬಂತು. ಗಂಡ ಪರಸಪ್ಪ ನೀಲಿ ಹಂಡೆಯನ್ನೇ ಬೋರಲು ಹಾಕಿ, ಕೆಂಪು ಕಪ್ಪು ಎರಡೇ ಬಣ್ಣ ಇಟ್ಟುಕೊಂಡ. ಹೆಂಡತಿ ಇನ್ನಷ್ಟು ನೀಲಿಯಾದಳು.

ನಾನು ತಾರವ್ವನ ಗದ್ದ ಎತ್ತಿ ನೋಡಿದೆ. ಹಂಡೆಯ ಹಬೆ ಕೆಳಗಿನಿಂದ ಏಳುತ್ತದೆ. ಹತ್ತುವುದಾದರೆ ಮೊದಲು ಗದ್ದದ ಕೆಳಗೆ ಹತ್ತಬೇಕು. ಅಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಹಣೆ, ಮೂಗಿನ ತುದಿ, ಕಿವಿಯ ಅಂಚು, ಮುಂಗೈ ಇವೇ ಹೆಚ್ಚು ನೀಲಿ.

"ಕುಂಕುಮ ಒಂದೀಟು ಒರಸ್ತೀನಿ," ಅಂದೆ.

"ಗಂಡ ಇರೋ ಹೆಣ್ಮಗಳ ಹಣಿ ಬರಿದ ಮಾಡ್ತೀರೇನ್ರಿ ಡಾಕ್ಟರ್ ಬಾಯಾರ?" ಅಂಬವ್ವ ಎದ್ದೇ ನಿಂತಳು.

ನಾನೇ ಮತ್ತೆ ಹಚ್ಚುತ್ತೇನೆಂದು ಮಾತು ಕೊಟ್ಟ ಮೇಲೆ ಕೂತಳು. ಒರೆಸಿದೆ. ಕುಂಕುಮದಡಿ ಎಂಟಾಣೆ ಅಗಲದ ಜಾಗದಲ್ಲಿ ತಾರವ್ವನ ಮೊದಲಿನ ಗೋಧಿ ಬಣ್ಣ ಹಾಗೇ ಉಳಿದಿತ್ತು. ಅಂದರೆ ಇದು ಬಿಸಿಲು ಬಿದ್ದಲ್ಲಿ ಮಾತ್ರ ಮೂಡುವ ನೀಲಿ. ಹಂಡೆಗೂ ಇದಕ್ಕೂ ಸಂಬಂಧವಿಲ್ಲ.

"ಯಾವುದಾರ ಗುಳಿಗಿ ತಗೋತಿ ಏನು?"

"ಒಂದ ತಗೋತೀನ್ರಿ. ಆದ್ರ ಅದು ಎದೀದು," ಅಂದಳು ತಾರವ್ವ. ಎದೆಯ ಗುಳಿಗೆಯ ವಿಷಯ ಚರ್ಮದ ಡಾಕ್ಟರಿಗೆ ಯಾಕೆ ಎಂಬ ಅನುಮಾನ ಆ ದನಿಯಲ್ಲಿತ್ತು.

ವಿಷಯ ಬಿಡಿಸಿ ಹೇಳಿದೆ. ಗುಳಿಗೆಯ ಅಂಶ ರಕ್ತದಿಂದ ಚರ್ಮಕ್ಕೂ ಬರುತ್ತದೆ. ಬಿಸಿಲು ತಾಗುವ ಕಡೆ ಚರ್ಮದ ಭಕ್ಷಕ ಕೋಶಗಳು ಅದನ್ನು ನುಂಗಿ ಸಣ್ಣ ಸಣ್ಣ ಹರಳು ಮಾಡಿ ಇಟ್ಟುಕೊಳ್ಳುತ್ತವೆ. ನೀಲಿಯೆಂದರೆ ಆ ಹರಳುಗಳು. ಅವು ಏನೂ ಮಾಡದ ಕಸ, ಮುಂದೆ ಲೇಸರ್ ಹಾಕಿ ತೆಗೆಯೋಣ, ಗುಳಿಗೆ ಮಾತ್ರ ಬಿಡಬೇಡ ಎಂದೆ. ಕಸ ಅಂತಲೇ ಪುಸ್ತಕಗಳಲ್ಲಿ ಇದ್ದದ್ದು.

ತಾರವ್ವ ತಲೆ ಆಡಿಸಿದಳು. ಏಳುವ ಮುಂಚೆ ಮೆಲ್ಲಗೆ ಅಂದಳು, "ಉಡಿ ತುಂಬಾಕ ಯಾರೂ ಕರಿಯಂಗಿಲ್ರಿ ಈಗ. ಮಗಳ ಲಗ್ನದಾಗ ಬೀಗತಿ ನನ್ನ ಕೈಲೆ ಕುಂಕುಮ ಹಚ್ಚಿಸಿಕೊಳ್ಳಲಿಲ್ಲ. ಹಿಂದ ಸರದ್ಲು." ಇದಕ್ಕೆ ಬರೆದುಕೊಡುವ ಮುಲಾಮು ನನ್ನ ಹತ್ತಿರ ಇರಲಿಲ್ಲ. ಸುಮ್ಮನೆ ಕುಂಕುಮ ಹಚ್ಚಿ ಕಳಿಸಿದೆ.

ಮರುವರ್ಷ ಬಂದಾಗ ಗುರುತೇ ಸಿಗಲಿಲ್ಲ. ಮುಖದ ನೀಲಿ ಮುಕ್ಕಾಲು ಪಾಲು ಹೋಗಿ, ಕೆನ್ನೆ ತಿಳಿಯಾಗಿತ್ತು. ಇನ್ನೂ ಲೇಸರ್ ಮುಟ್ಟಿಸಿರಲಿಲ್ಲ. ಅಂಬವ್ವ ಬಾಗಿಲಲ್ಲೇ ಸುದ್ದಿ ಹೇಳಿದಳು: ಮೊಮ್ಮಗಳು ಸುವರ್ಣಾಗೆ ಏಳು ತಿಂಗಳು ತುಂಬಲಿದೆ, ಹದಿನೈದು ದಿನಕ್ಕೆ ಕುಬಸ, ಅಂದರೆ ಸೀಮಂತ, ತವರುಮನೆಯಲ್ಲೇ. "ಇಕಿ ಈಗ ಎಲ್ಲಾರ ಮನೀಗೂ ಆರತಿಗೆ ಹೊಕ್ಕಾಳ್ರಿ. ಮುಂದ ನಿಂದ್ರಸ್ತಾರ." ನನಗೂ ಖುಷಿಯಾಯಿತು. ಕಳೆದುಕೊಂಡ ಮುಖವನ್ನು ವಾಪಸು ಪಡೆದ ಹೆಂಗಸು ನನ್ನ ವೃತ್ತಿಯಲ್ಲಿ ದಿನಾ ಕಾಣಸಿಗುವುದಿಲ್ಲ.

ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಎದೆರೋಗದ ಡಾಕ್ಟರು ಮುತಾಲಿಕ ಫೋನ್ ಮಾಡಿದರು.

"ಯಡಹಳ್ಳಿಯವರ, ನಿಮ್ಮ ತಾರವ್ವ ಹತ್ತು ತಿಂಗಳಿಂದ ಗುಳಿಗೆ ಒಯ್ದಿಲ್ಲ. ಆಕೆ ಸತ್ತಿರಬೇಕು ಅಂತ ವಿಚಾರಿಸಾಕ ಮಾಡಿದೆ."

"ಮುಂಜಾನೆ ನನ್ನ ಮುಂದ ಕೂತು ಚಹಾ ಕುಡದು ಹೋದ್ಲಲ್ಲ."

ಅವರು ನಂಬಲಿಲ್ಲ. ಆ ಹೃದಯ ತಾಳಗುಳಿಗೆ ಇಲ್ಲದೆ ಒಂದು ತಿಂಗಳು ನಡೆಯುವುದು ಕೂಡ ಸಾಧ್ಯವಿಲ್ಲ ಎಂದರು. ತಾರವ್ವನನ್ನು ಕರೆಸಿ ಕೇಳಿದೆ. ಮುಚ್ಚುಮರೆ ಮಾಡಲಿಲ್ಲ. ಗುಳಿಗೆಯಿಂದಲೇ ನೀಲಿ ಎಂದು ನಾನು ಹೇಳಿದ ವಾರವೇ ಬಿಟ್ಟಿದ್ದಳು. ಮುತಾಲಿಕರು ರಕ್ತ ತೆಗೆಸಿ ನೋಡಿದರು. ರಕ್ತದಲ್ಲಿ ತಾಳಗುಳಿಗೆಯ ಅಂಶ ಇತ್ತು.

"ಕದ್ದು ತಗೋತಾಳ," ಅಂದರು ಮುತಾಲಿಕರು.

"ಮಗಳ ಹೊಟ್ಟ್ಯಾಗಿನ ಕೂಸಿನ ಆಣಿ ಐತ್ರಿ, ಮುಟ್ಟಿಲ್ಲ," ಅಂದಳು ತಾರವ್ವ. ಆ ಮಾತಿನ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಬಾಯಿಂದ ಒಳಗೆ ಹೋಗದ ಔಷಧಿ ರಕ್ತಕ್ಕೆ ಬಂದಿದ್ದರೆ ಅದು ಮೈಯೊಳಗೇ ಎಲ್ಲಿಂದಲೋ ಬಂದಿರಬೇಕು. ಕಡಿಮೆಯಾಗಿದ್ದದ್ದು ಒಂದೇ, ಚರ್ಮದ ನೀಲಿ.

ನಮ್ಮ ಕೇಂದ್ರದಲ್ಲಿ ಪದರದರ್ಶಕ ಎಂಬ ಯಂತ್ರವಿದೆ. ಕುಯ್ಯದೆ, ಚುಚ್ಚದೆ, ಬರೀ ಬೆಳಕು ಹಾಯಿಸಿ ಜೀವಂತ ಚರ್ಮದ ಒಳಪದರಗಳನ್ನು ಪರದೆಯ ಮೇಲೆ ತೋರಿಸುತ್ತದೆ. ಅದನ್ನು ನಡೆಸುವವರು ಮೆಹಬೂಬ್ ನದಾಫ್. ಯಾವ ಚರ್ಮ ನೋಡಿದರೂ "ಮಾಮೂಲಿ ಅದ ಮೇಡಂ" ಎನ್ನುವ ಮನುಷ್ಯ. ತಾರವ್ವನ ಎದೆಗೆ ಬಡಿತ ಅಳೆಯುವ ಪಟ್ಟಿ ಅಂಟಿಸಿ, ಬಲಗೈಯನ್ನು ಯಂತ್ರದ ಕೆಳಗೆ ಇಡಿಸಿದೆವು. ಒಂದು ಪರದೆಯ ಮೇಲೆ ಎದೆಯ ಗೆರೆ ಓಡುತ್ತಿತ್ತು. ಇನ್ನೊಂದರ ಮೇಲೆ ಮುಂಗೈಯ ಒಳಗಿನ ಕೋಶಗಳು, ಪ್ರತಿಯೊಂದರ ಹೊಟ್ಟೆಯಲ್ಲೂ ಚೂಪಾದ ನೀಲಿ ಹರಳುಗಳು.

ತುಂಬ ಹೊತ್ತು ಏನೂ ಆಗಲಿಲ್ಲ. ಅಂಬವ್ವ ಬೇಸರ ಕಳೆಯಲು ಕುಬಸದ ಮಾತು ತೆಗೆದಳು. ಯಾರು ಯಾರಿಗೆ ಹೇಳಬೇಕು, ಹಸಿರು ಸೀರೆ ಯಾವ ಅಂಚಿನದು, ಹೀಗೆ. "ಆರತಿ ನೀನ ಹಿಡಿ ತಾರಿ. ಬೀಗತಿ ನೋಡ್ಲಿ."

ಬೀಗತಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಾರವ್ವನ ಎದೆ ಹಾರಿತು. ಗೆರೆ ಒಮ್ಮೆ ಎಡವಿತು, ಎರಡು ಬಡಿತ ಒಂದರ ಮೇಲೊಂದು ಬಿದ್ದವು, ಆಮೇಲೆ ಪೂರ್ತಿ ಕಲಸಿಹೋಯಿತು. ತಾರವ್ವ "ಅಯ್ಯ" ಎಂದು ಕಣ್ಣು ಮುಚ್ಚಿದಳು. ನಾನು ಇಂಜೆಕ್ಷನ್ನಿಗೆ ಕೈ ಹಾಕಿದೆ.

"ಮೇಡಂ, ಇಲ್ಲಿ ನೋಡ್ರಿ," ಅಂದರು ನದಾಫ್.

ಹರಳುಗಳು ಕರಗುತ್ತಿದ್ದವು. ಮೊದಲು ಒಂದು ಕೋಶ ತನ್ನ ಹರಳನ್ನು ಬಿಟ್ಟಿತು. ಅದರ ಪಕ್ಕದ್ದು ಬಿಟ್ಟಿತು. ಆಮೇಲೆ ಹತ್ತಿರದ್ದು, ದೂರದ್ದು ಎಲ್ಲವೂ ಸರದಿ ಹಿಡಿದಂತೆ ಬಾಯಿ ತೆರೆದವು. ನೀಲಿ ಪುಡಿಯಾಗಿ, ಎಳೆಯಾಗಿ, ಸಣ್ಣ ರಕ್ತನಾಳಗಳ ಗೋಡೆ ದಾಟಿ ಒಳಗಿಳಿಯಿತು. ಪರದೆ ಬಿಟ್ಟು ಕೈಯನ್ನೇ ನೋಡಿದೆ. ಮಣಿಕಟ್ಟಿನಿಂದ ಬೆರಳಿನ ಕಡೆಗೆ ಒಂದು ಬಿಳುಪು ಮೆಲ್ಲಗೆ ಹರಿದುಹೋಯಿತು, ಬರಿಗಣ್ಣಿಗೆ ಕಾಣುವ ಹಾಗೆ. ಅದು ಬೆರಳ ತುದಿ ಮುಟ್ಟಿದ ಸ್ವಲ್ಪ ಹೊತ್ತಿಗೆ ಎದೆಯ ಗೆರೆ ತಾನಾಗಿ ತಾಳಕ್ಕೆ ಬಂತು.

ನನ್ನ ಕೈಯಲ್ಲಿದ್ದ ಸಿರಿಂಜು ಹಾಗೇ ಇತ್ತು. ನದಾಫ್ ಪರದೆಯನ್ನೇ ನೋಡುತ್ತ "ಸುಬಹಾನಲ್ಲಾ" ಎಂದು ಮೆಲ್ಲಗೆ ಅಂದರು. ಆ ದಿನ ಅವರ ಬಾಯಿಂದ ಮಾಮೂಲಿ ಎಂಬ ಮಾತು ಬರಲಿಲ್ಲ.

ಹೃದಯ ಎಡವಿದಾಗ ಮೈಯಲ್ಲಿ ಗಾಬರಿಯ ರಸ ಹರಿಯುತ್ತದೆ, ಅಡ್ರಿನಲಿನ್ ಅನ್ನುತ್ತೇವೆ. ಚರ್ಮದ ಕೋಶಗಳು ಅದನ್ನು ಕೇಳಿಸಿಕೊಂಡು, ಕೂಡಿಟ್ಟ ಔಷಧಿಯನ್ನು ಬೇಕಾದಷ್ಟೇ ಅಳೆದು ಕೊಡುತ್ತಿದ್ದವು. ಹೀಗೆ ಮಾಡಿ ಎಂದು ಅವಕ್ಕೆ ಯಾರೂ ಕಲಿಸಿರಲಿಲ್ಲ. ನಾವು ಕಸ ಅಂದದ್ದು, ಅತ್ತೆ ಉಜ್ಜಿದ್ದು, ಬೀಗತಿ ಹೇಸಿದ್ದು, ನಾನು ಲೇಸರ್ ಹಾಕಿ ಸುಡಲು ಹೊರಟಿದ್ದು ಎಲ್ಲ ಅದನ್ನೇ. ಮೈತುಂಬ ಹರಡಿಕೊಂಡಿದ್ದರೂ ಯಾರ ಎಣಿಕೆಗೂ ಬಾರದ ಈ ಚರ್ಮ ಹತ್ತು ತಿಂಗಳು ಒಬ್ಬ ಹೆಂಗಸನ್ನು ಸದ್ದಿಲ್ಲದೆ ಬದುಕಿಸಿಕೊಂಡು ಬಂದಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಅರ್ಧ ಡಾಕ್ಟರಿಗೆ ಹಾಗೆ ಅಳುವ ಹಕ್ಕಿದೆ ಎಂದುಕೊಂಡೆ.

ಅಂಬವ್ವ ಸೊಸೆಯ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಅಂದ್ರ ಇಕಿ ಬೆಳ್ಳಗ ಆದಷ್ಟೂ..." ಎಂದವಳು ಆ ಕೈಯನ್ನು ತನ್ನ ಸೆರಗಿನಲ್ಲಿ ಮುಚ್ಚಿದಳು. ಆಕೆಗೆ ತಿಳಿದಿತ್ತು.

ನದಾಫ್ ಮುಖ, ಕೈ ಎಲ್ಲ ಅಳೆದರು. ಕೈ ಬಹುತೇಕ ಖಾಲಿಯಾಗಿತ್ತು. ಹಣೆಯಲ್ಲಿ, ಕಣ್ಣಿನ ಕೆಳಗೆ ಸ್ವಲ್ಪ ಉಳಿದಿತ್ತು. ಇನ್ನು ಎರಡೋ ಮೂರೋ ಸಲಕ್ಕೆ ಸಾಲಬಹುದು. ಸುದ್ದಿ ಕೇಳಿ ಓಡಿಬಂದ ಮುತಾಲಿಕರು ಇವತ್ತೇ ಆಸ್ಪತ್ರೆಗೆ ಸೇರಬೇಕು, ದೊಡ್ಡ ಪ್ರಮಾಣದಲ್ಲಿ ಗುಳಿಗೆ ಶುರು ಮಾಡಬೇಕು ಎಂದರು. ದಾಸ್ತಾನು ತುಂಬಲು ಬಿಸಿಲೂ ಬೇಕು. ಒಮ್ಮೆ ಹರಳು ಕಟ್ಟಲು ಕಲಿತ ಕೋಶಗಳು ಈ ಸಲ ವರ್ಷಗಟ್ಟಲೆ ತೆಗೆದುಕೊಳ್ಳುವುದಿಲ್ಲ, ವಾರದಲ್ಲೇ ನೀಲಿ ಬರುತ್ತದೆ ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಹಂಗಾದ್ರ ಕುಬಸ ಆದಮ್ಯಾಲ ಬರ್ತೀನ್ರಿ," ಅಂದಳು ತಾರವ್ವ.

"ಅಲ್ಲೀತನಕ ಎದೆ ಕೇಳಬೇಕಲ್ಲ."

"ಹತ್ತ ತಿಂಗಳ ಕೇಳೇತಿ. ಹದಿನೈದ ದಿನ ಕೇಳಂಗಿಲ್ಲೇನ್ರಿ? ಒಬ್ಬಾಕಿನ ಮಗಳು. ಲಗ್ನದಾಗ ಮೂಲ್ಯಾಗ ನಿಂತಿದ್ದೆ. ಕುಬಸದಾಗೂ ಮೂಲ್ಯಾಗ ನಿಂದ್ರಲೇನು?"

ಮುತಾಲಿಕರು ಗದರಿಸಿದರು, ನಾನು ಬೇಡಿಕೊಂಡೆ. ಸೆರಗು ಬಿಗಿದುಕೊಂಡು ಹೊರಟೇಹೋದಳು. ಅಂಬವ್ವ ಹಿಂದೆಯೇ ಹೋದಳು.

ಕುಬಸಕ್ಕೆ ಅವರು ಕರೆಯದಿದ್ದರೂ ನಾನು ಹೋಗುತ್ತಿದ್ದೆ. ಚೀಲದಲ್ಲಿ ಇಂಜೆಕ್ಷನ್, ತಾಳಗುಳಿಗೆಯ ಡಬ್ಬಿ ಇಟ್ಟುಕೊಂಡು, ಹೊರಗೆ ಆಂಬುಲೆನ್ಸು ನಿಲ್ಲಿಸಿಕೊಂಡು ಹೆಂಗಸರ ನಡುವೆ ಕೂತೆ. ಮನೆಯ ಹಿಂದಿನ ಅಂಗಳದಲ್ಲಿ ಚಪ್ಪರ, ಒಣಹಾಕುವ ಗಳುಗಳ ಮೇಲೆ ಕೆಂಪು ನೂಲಿನ ಲಡಿಗಳು. ಸುವರ್ಣಾ ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಮುಂದೆ ಕಡುಬು, ಕರ್ಚಿಕಾಯಿ, ಉಂಡಿ ತುಂಬಿದ ತಾಟುಗಳು. ಗಜೇಂದ್ರಗಡದಿಂದ ಬಂದ ಬೀಗತಿ ಎದುರಿಗೇ ಕೂತಿದ್ದಳು.

ತಾರವ್ವ ಆರತಿ ಹಿಡಿದು ಮಗಳ ಮುಂದೆ ನಿಂತಳು. ಹೆಂಗಸರು ಹಾಡು ಎತ್ತಿದರು. ಬೀಗತಿ ಎದ್ದು ಬಂದು ತಾನಾಗಿಯೇ ತಾರವ್ವನ ಪಕ್ಕದಲ್ಲಿ ನಿಂತು ತಟ್ಟೆಗೆ ಕೈ ಕೊಟ್ಟಳು. ತಾರವ್ವನ ಕಣ್ಣು ತುಂಬಿದವು. ಸಂತೋಷಕ್ಕೂ ಎದೆ ಎಡವುತ್ತದೆ.

ಹಣೆಯಿಂದ ಶುರುವಾಯಿತು. ಕುಂಕುಮದ ಸುತ್ತಲಿಂದ ಕೆಳಗೆ, ಕಣ್ಣಿನ ಕೆಳಗಿನ ಕೊನೆಯ ನೆರಳನ್ನೂ ತೊಳೆಯುತ್ತ, ಒಂದು ಬಿಳುಪು ಮುಖದ ತುಂಬ ಇಳಿಯಿತು. ಆರತಿಯ ಬೆಳಕಲ್ಲಿ ಆ ಮುಖ ನಿಜಕ್ಕೂ ಚೆಲುವಾಗಿ ಕಂಡಿತು. ನಾನು ಚೀಲಕ್ಕೆ ಕೈ ಹಾಕಿ ಎದ್ದೆ.

"ಬೀಗತಿ ಮಾರಿ ಮ್ಯಾಲ ಎಂಥಾ ಕಳಾ ಬಂತ ನೋಡ್ರಿ," ಅಂದಳು ಗಜೇಂದ್ರಗಡದಾಕೆ. ನಾಲ್ಕಾರು ಹೆಂಗಸರು ಹೌದೆಂದರು.

ಅಂಬವ್ವ ನನಗಿಂತ ಮೊದಲು ಅಲ್ಲಿ ತಲುಪಿದ್ದಳು. ಸೊಸೆಯ ಕೈಯಿಂದ ಆರತಿ ತೆಗೆದು ಬೀಗತಿಯ ಕೈಗೆ ಪೂರ್ತಿ ಕೊಟ್ಟು, ಸೊಸೆಯನ್ನು ಎರಡೂ ಕೈಯಿಂದ ಹಿಡಿದು ಕೂರಿಸಿದಳು. ಹಾಡು ನಿಂತಿತು.

"ಅದು ಕಳಾ ಅಲ್ಲ," ಅಂದಳು ಎಲ್ಲರಿಗೂ ಕೇಳುವಂತೆ. "ನನ್ನ ಸೊಸಿ ಜೀವಾ ಖಾಲಿ ಆಗಾಕತ್ತೈತಿ. ಆ ನೀಲಿ ಇಷ್ಟ ದಿನ ಅಕಿನ್ನ ಕಾದೈತಿ. ಎದಿ ಎಡವಿದಾಗೊಮ್ಮೆ ಔಷಧ ಕೊಟ್ಟು ಕೊಟ್ಟು ಅದು ತೀರಿತು. ನಾ ಕಣ್ಣಾರೆ ನೋಡೀನಿ."

ನಾನು ನಾಡಿ ಹಿಡಿದೆ. ಎಡವಿ ಎಡವಿ ಕೊನೆಗೆ ದಾರಿಗೆ ಬಂತು. ಚರ್ಮ ತನ್ನಲ್ಲಿದ್ದ ಕೊನೆಯದನ್ನೂ ಕೊಟ್ಟುಬಿಟ್ಟಿತ್ತು. ಇನ್ನೊಂದು ಸಲಕ್ಕೆ ಏನೂ ಇರಲಿಲ್ಲ. ಇಂಜೆಕ್ಷನ್ ಕೊಟ್ಟು ಗುಳಿಗೆ ಮುಂದೆ ಹಿಡಿದೆ. ತಾರವ್ವ ಸುತ್ತಲೂ ನೋಡಿದಳು. ಮುಖ ತಿರುಗಿಸಿದಳು.

"ಶಾಸ್ತ್ರ ಮುಗೀಲಿ. ಸುವರ್ಣಾ ಮೊದಲ ಬಾಯಾಗ ಹಾಕ್ಕೊಳ್ಳಲಿ," ಅಂದಳು.

ಕುಬಸದಲ್ಲಿ ಬಸುರಿಯ ಬಯಕೆ ಕೇಳುವುದು, ಕೇಳಿದ್ದನ್ನು ಇಲ್ಲ ಎನ್ನದೆ ಕೊಡುವುದು ವಾಡಿಕೆ. ಯಾರೂ ಇನ್ನೂ ಕೇಳಿರಲಿಲ್ಲ. ಸುವರ್ಣಾ ಮುಂದಿದ್ದ ತಾಟುಗಳನ್ನು ಎರಡೂ ಕೈಯಿಂದ ಪಕ್ಕಕ್ಕೆ ಸರಿಸಿ, ಹೊಟ್ಟೆ ಹಿಡಿದುಕೊಂಡು ಮಣೆಯಿಂದ ಎದ್ದಳು. ನನ್ನ ಕೈಯಿಂದ ಗುಳಿಗೆ ತೆಗೆದುಕೊಂಡು ತಾಯಿಯ ಮುಂದೆ ನೆಲದ ಮೇಲೆ ಕೂತಳು.

"ನನ್ನ ಬಯಕಿ ಇದ ಐತಿ ಯವ್ವಾ. ಇದನ್ನ ನೀ ನುಂಗಬೇಕು. ನೀ ನೀಲಿ ಇರಬೇಕು. ನನ್ನ ಕೂಸು ಮೊದಲ ನೋಡೂ ಅಜ್ಜಿ ನೀಲೀನ ಇರಲಿ."

ತಾರವ್ವ ಮಗಳನ್ನು ನೋಡಿದಳು, ಆಮೇಲೆ ಬಾಯಿ ತೆರೆದಳು. ಬೀಗತಿ ಆರತಿ ಕೆಳಗಿಟ್ಟು ಓಡಿಹೋಗಿ ನೀರು ತಂದಳು.

ಮುತಾಲಿಕರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ ಕೊಡಿಸಿದೆ, ಬೆಳಗಿನ ಬಿಸಿಲು ನೇರ ಮುಖಕ್ಕೆ ಬೀಳುವ ಜಾಗ. ಹಗಲೂ ರಾತ್ರಿ ಎದೆಯ ಗೆರೆ ಕಾಯುತ್ತಿದ್ದೆವು. ಎರಡು ಸಲ ಎಡವಿತು. ಎರಡು ಸಲವೂ ಮುತಾಲಿಕರೇ ಬಂದು ಇಂಜೆಕ್ಷನ್ ಕೊಟ್ಟು ದಾರಿಗೆ ತಂದರು. ಅಂಬವ್ವ ದಿನಾ ಸೂರ್ಯ ಏರಿದ ಕೂಡಲೇ ಸೊಸೆಯ ಗದ್ದ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ಹುಡುಕುತ್ತಿದ್ದಳು. ಇಲ್ಲ ಎಂದರೆ ಆ ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಪಕ್ಕದ ಹಾಸಿಗೆಗಳ ಜನರೂ ನಿಧಾನವಾಗಿ ಈ ಹುಡುಕಾಟಕ್ಕೆ ಸೇರಿಕೊಂಡರು.

ಒಂದು ಮುಂಜಾನೆ ನಾನು ವಾರ್ಡಿಗೆ ಕಾಲಿಡುವಾಗ ಅಂಬವ್ವ ಕಿಟಕಿಯ ಹತ್ತಿರ ನಿಂತು ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಳು. ಹಾಸಿಗೆಯ ಮೇಲೆ ತಾರವ್ವ ನಗುತ್ತ, ಸ್ವಲ್ಪ ನಾಚಿಕೊಂಡು ಕೂತಿದ್ದಳು. ಹತ್ತಿರ ಹೋಗಿ ನೋಡಿದೆ. ಮೂಗಿನ ತುದಿಯಲ್ಲಿ, ಬಲಗಿವಿಯ ಅಂಚಿನಲ್ಲಿ ತೆಳ್ಳಗೆ ಬಂದಿತ್ತು. ಕೈಯಿಂದ ಮುಟ್ಟಲು ನನಗೆ ಧೈರ್ಯವಾಗಲಿಲ್ಲ.

ಮನೆಯಲ್ಲಿ ಮಗು ಹುಟ್ಟಿದ ಸುದ್ದಿಯನ್ನು ಹೇಳುವ ದನಿಯಲ್ಲಿ ಅಂಬವ್ವ ಗಜೇಂದ್ರಗಡಕ್ಕೆ ಹೇಳುತ್ತಿದ್ದಳು: "ಎಲ್ಲಾರಿಗೂ ಹೇಳ್ರಿ ಬೀಗರ, ನಮ್ಮ ಸೊಸಿ ನೀಲಿ ಆದ್ಲು."